ಅಪ್‌ಡೇಟ್: ಕಾಕಾನ ಹಳೇ ಹೆಡ್‌ಫೋನ್ ಯಾವುದು ಅಂತ ಗೊತ್ತಾಯ್ತು

ಕಲಬುರಗಿ ಮನೆಯ ಟ್ರಂಕಿನಲ್ಲಿ ಸಿಕ್ಕ ಕಾಕಾನ ಸ್ಪಂಜಿನ ಹೆಡ್‌ಫೋನ್ ಯಾವ ಸೆಟ್ಟಿನದು ಅಂತ ಕೇಳಿದ್ದೆ ಅಲ್ವಾ, ಪತ್ತೆಯಾಯ್ತು. ಒದ್ದೆ ಬಟ್ಟೆಯಿಂದ ಒರೆಸಿ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದಾಗ ಸವೆದ ಅಕ್ಷರ ಕಂಡವು: ಸೋನಿ ಎಂಡಿಆರ್-3ಎಲ್2. ಅಂದ್ರೆ 1979ರ ಜುಲೈನಲ್ಲಿ ಜಪಾನಿನಲ್ಲಿ ಬಂದ ಮೊದಲ ವಾಕ್‌ಮನ್ (ಜೊತೆಗೆ ಒಯ್ಯಬಹುದಾದ ಪುಟ್ಟ ಕ್ಯಾಸೆಟ್ ಪ್ಲೇಯರ್), ಟಿಪಿಎಸ್-ಎಲ್2 ಜೊತೆ ಕೊಡುತ್ತಿದ್ದದ್ದು! ಆಗಿನ ಹೆಡ್‌ಫೋನ್‌ಗಳು 300-400 ಗ್ರಾಂ ತೂಗುತ್ತಿದ್ದವು, ಈ ಬಗೆಯದು ಸುಮಾರು 50 ಗ್ರಾಂ ಅಷ್ಟೇ, ಅದಕ್ಕೇ ತಲೆಗೆ ಹಾಕಿಕೊಂಡು ಆರಾಮಾಗಿ ಓಡಾಡಬಹುದಿತ್ತು. ಇಬ್ಬರೂ ಒಟ್ಟಿಗೆ ಹಾಡು ಕೇಳುತ್ತಿದ್ದೆವು ಅಂತ ಕಾಕು ಹೇಳಿದ್ದೂ ಸರಿಹೊಂದುತ್ತದೆ, ಆ ಸೆಟ್ಟಿಗೆ ಎರಡು ಹೆಡ್‌ಫೋನ್ ಜ್ಯಾಕ್ ಇದ್ದವು. ತುಂಬಾ ಖುಷಿಯಾಯ್ತು. ಸ್ಪಂಜು ಮುಟ್ಟಿದರೆ ಪುಡಿಯಾಗುತ್ತಿದೆ, ಅದನ್ನಷ್ಟೇ ಹೊಸದು ಹಾಕಿಸುತ್ತೇನೆ. ವೈರ್ ಬದಲಿಸೋದಿಲ್ಲ. ಸುಳಿವು ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.