ಹಳೇ ಎಲೆಕ್ಟ್ರಿಕ್ ಗಿಟಾರ್: ನಾದ, ಕೈಹಿಡಿತ, ರಿಪೇರಿ (ಪ್ರಶ್ನೋತ್ತರ)

ಪ್ರಶ್ನೆ: ಸರ್, 50–60ರ ದಶಕದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ (ಸ್ಟ್ರಾಟ್), ಗಿಬ್ಸನ್ ಲೆಸ್ ಪಾಲ್ ನುಡಿಸಿದವರೆಲ್ಲ "ಆ ಸೌಂಡೇ ಬೇರೆ" ಅಂತಾರೆ. ಇದು ನಿಜವಾಗಿ ಕಿವಿಗೆ ಕೇಳಿಸುವ ವ್ಯತ್ಯಾಸವೋ, ಬೆಲೆ ಗೊತ್ತಾದ ಮೇಲೆ ಹುಟ್ಟುವ ಭಕ್ತಿಯೋ?

ಉತ್ತರ: ಎರಡೂ ಇದೆ. ಯಾವುದು ಎಷ್ಟು ಅಂತ ಪಾಲು ಮಾಡಬೇಕಾದರೆ ಹೋಲಿಕೆ ಸರಿಯಾಗಿರಬೇಕು. ಸಾಮಾನ್ಯವಾಗಿ ಹಳೇದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ನುಡಿಸುವಾಗ ತಂತಿಯ ದಪ್ಪ ಬೇರೆ, ತಂತಿಯ ವಯಸ್ಸು ಬೇರೆ, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಮ್ಯಾಗ್ನೆಟ್ ಮತ್ತು ಸುರುಳಿ) ಎತ್ತರ ಬೇರೆ, ಕೇಬಲ್ ಕೂಡ ಬೇರೆ. ಇವುಗಳಲ್ಲಿ ಒಂದೊಂದೂ ಮರದ ವಯಸ್ಸಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

ಎರಡಕ್ಕೂ ಒಂದೇ ಬ್ರ್ಯಾಂಡಿನ ಹೊಸ 10–46 ತಂತಿ ಸೆಟ್ (ದಪ್ಪದ ಲೆಕ್ಕ ಇಂಚಿನ ಸಾವಿರದಂಶದಲ್ಲಿ) ಹಾಕಿ. ಕೊನೆಯ ಫ್ರೆಟ್ (ಫಿಂಗರ್‌ಬೋರ್ಡಿನ ಲೋಹದ ಅಡ್ಡಪಟ್ಟಿ) ಒತ್ತಿ ಹಿಡಿದು, ತಂತಿಯ ಕೆಳಭಾಗದಿಂದ ಪಿಕಪ್ ಕಂಬದ (ಪ್ರತಿ ತಂತಿಯ ಕೆಳಗಿನ ಮ್ಯಾಗ್ನೆಟ್‌ನ) ತಲೆಯವರೆಗಿನ ಅಂತರ ಅಳೆಯಿರಿ. ಹಳೇ ಮಾದರಿಯ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್‌ಗೆ ದಪ್ಪ ಇ ಕಡೆ 2.4 ಮಿ.ಮೀ., ತೆಳು ಇ ಕಡೆ 2 ಮಿ.ಮೀ.ಯಿಂದ ಶುರು ಮಾಡಬಹುದು. ಕೇಬಲ್ ಒಂದೇ ಇರಲಿ. ಆಮೇಲೆ ಆಂಪ್‌ನಲ್ಲಿ ಎರಡರ ಜೋರನ್ನೂ ಸಮ ಮಾಡಿ. ಇದನ್ನು ಬಿಟ್ಟರೆ ಉಳಿದ ಶ್ರಮವೆಲ್ಲ ದಂಡ, ಯಾಕೆಂದರೆ ಒಂಚೂರು ಜೋರಾಗಿರುವುದೇ ಯಾವಾಗಲೂ "ತುಂಬಿದ ಸೌಂಡ್" ಅನ್ನಿಸುತ್ತದೆ. ನುಡಿಸುವವರು ಬೇರೆಯವರಾಗಿರಲಿ, ನೀವು ಬೆನ್ನು ತಿರುಗಿಸಿ ಕೂತು ಕೇಳಿ.

ಕೇಬಲ್‌ಗೆ ಇಷ್ಟು ಮಹತ್ವ ಯಾಕೆ ಅಂತ ಲೆಕ್ಕದಲ್ಲೇ ಹೇಳುತ್ತೇನೆ. ಸ್ಟ್ರಾಟ್ ಪಿಕಪ್‌ನ ಇಂಡಕ್ಟನ್ಸ್ 2.3 ಹೆನ್ರಿ ಅಂದುಕೊಳ್ಳಿ, ಅದರದೇ ಕೆಪಾಸಿಟನ್ಸ್ ಸುಮಾರು 100 ಪಿಕೋಫ್ಯಾರಡ್. ಮೀಟರಿಗೆ 100 ಪಿಕೋಫ್ಯಾರಡ್ ಇರುವ ಕೇಬಲ್ 3 ಮೀಟರ್ ಇದ್ದರೆ ಒಟ್ಟು 400. ರೆಸೊನನ್ಸ್ ಶಿಖರ (ಪಿಕಪ್ ಅತಿ ಜೋರಾಗಿ ಎತ್ತಿ ಕೊಡುವ ಆವರ್ತನ) ಸುಮಾರು 5.2 ಕಿಲೋಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಅದೇ ಕೇಬಲ್ 6 ಮೀಟರ್ ಆದರೆ 4 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಗಾಜಿನ ಚೂರಿನಂಥ ಚುರುಕು ಹೋಗಿ ಮೆದುವಾಗುತ್ತದೆ. "ಹಳೇ ಸಿಹಿ" ಅಂತ ಹೊಗಳಿಸಿಕೊಂಡ ಎಷ್ಟೋ ನಾದದಲ್ಲಿ ಉದ್ದನೆಯ ಸುರುಳಿ ಕೇಬಲ್‌ನ ಪಾಲೂ ಇದೆ.

ಮರುಪ್ರಶ್ನೆ: ಹಾಗಾದರೆ ಮರ ಒಣಗಿ ಸೌಂಡ್ ಕಟ್ಟುತ್ತೆ ಅನ್ನೋದು ಸುಳ್ಳಾ?

ಉತ್ತರ: ಸುಳ್ಳು ಅನ್ನಲಾರೆ, ಆದರೆ ವಯಸ್ಸೊಂದೇ ಕಾರಣ ಅನ್ನುವುದು ನಿಲ್ಲುವುದಿಲ್ಲ. ಒಂದೇ ವರ್ಷದ, ಒಂದೇ ಮಾದರಿಯ ಎರಡು ಗಿಟಾರ್ ಎರಡು ಥರ ನುಡಿಯುತ್ತವೆ, ವಯಸ್ಸು ಎರಡಕ್ಕೂ ಒಂದೇ. ಲೆಸ್ ಪಾಲ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. 1957ರಲ್ಲಿ ಲೆಸ್ ಪಾಲ್‌ಗೆ ಬಂದ ಹಂಬಕರ್‌ಗಳ (ಎರಡು ಕಾಯಿಲ್‌ನ ಪಿಕಪ್; ಆ ಕಾಲದವನ್ನು ಪಿಎಎಫ್ ಅನ್ನುತ್ತಾರೆ) ಸುತ್ತುಗಳು ಕರಾರುವಾಕ್ಕಾಗಿರಲಿಲ್ಲ. ಒಂದೇ ಪಿಕಪ್‌ನ ಎರಡು ಕಾಯಿಲ್‌ಗಳಲ್ಲೂ ಸುತ್ತು ಹೆಚ್ಚುಕಮ್ಮಿ. ಮ್ಯಾಗ್ನೆಟ್ ಒಂದರಲ್ಲಿ ಆಲ್ನಿಕೋ (ಮ್ಯಾಗ್ನೆಟ್ ಮಿಶ್ರಲೋಹ) 2, ಇನ್ನೊಂದರಲ್ಲಿ 4, ಮತ್ತೊಂದರಲ್ಲಿ 5. ರೋಧದ ಅಳತೆ 7ರಿಂದ 9 ಕಿಲೋಓಮ್‌ವರೆಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಹಾಗಾಗಿ "ಪಿಎಎಫ್ ಸೌಂಡ್" ಅಂತ ಒಂದೇ ಸೌಂಡ್ ಇಲ್ಲ.

ಇನ್ನೊಂದು ಮಾತು. ಕಿಲೋಓಮ್ ಓದಿ ನಾದ ಊಹಿಸುವವರು ಉಷ್ಣತೆಯನ್ನೂ ನೋಡಲಿ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 6.0 ತೋರಿಸಿದ ಪಿಕಪ್ 30 ಡಿಗ್ರಿಯಲ್ಲಿ 6.2ರ ಮೇಲೆ ತೋರಿಸುತ್ತದೆ. ಪಿಕಪ್ ಅದೇ, ಕೋಣೆ ಬಿಸಿ.

ಪ್ರಶ್ನೆ: ಹಳೇ ಸ್ಟ್ರಾಟ್‌ಗಳಲ್ಲಿ ಜಿ ತಂತಿ ಮಾತ್ರ ಉಳಿದವುಗಳಿಗಿಂತ ಜೋರಾಗಿ ಬರುತ್ತೆ. ಆ ಕಂಬವನ್ನು ಸ್ವಲ್ಪ ಕೆಳಗೆ ಒತ್ತಿದರೆ ಆಗಲ್ವಾ?

ಉತ್ತರ: ದಯವಿಟ್ಟು ಒತ್ತಬೇಡಿ. ಆ ಪಿಕಪ್‌ಗಳಲ್ಲಿ ಪ್ಲಾಸ್ಟಿಕ್ ಬಾಬಿನ್ ಇಲ್ಲ. ಕೂದಲಿನಷ್ಟು ತೆಳುವಾದ 42 ಗೇಜ್ ತಂತಿಯನ್ನು ನೇರವಾಗಿ ಮ್ಯಾಗ್ನೆಟ್‌ಗಳ ಸುತ್ತಲೇ ಸುತ್ತಿರುತ್ತಾರೆ. ಕಂಬ ಜಾರಿದರೆ ಒಳಸುತ್ತು ಹರಿದು ಪಿಕಪ್ ಸತ್ತೇ ಹೋಗುತ್ತದೆ. ಒಳಗಿನ ಸುತ್ತು ತುಂಡಾದರೆ ಪೂರ್ತಿ ಬಿಚ್ಚಿ ಮತ್ತೆ ಸುತ್ತುವುದೇ ದಾರಿ.

ಜಿ ಜೋರಾಗಲು ಕಾರಣ ಇಷ್ಟೇ: 50ರ ದಶಕದ ಸೆಟ್‌ಗಳಲ್ಲಿ ಜಿ ತಂತಿ ಸುತ್ತುತಂತಿ ಆಗಿರುತ್ತಿತ್ತು. ಅದರ ಒಳಗಿನ ಉಕ್ಕಿನ ಎಳೆ ತೆಳು, ಆದ್ದರಿಂದ ಜಿ ಕಂಬವನ್ನು ಎಲ್ಲಕ್ಕಿಂತ ಎತ್ತರ ಇಟ್ಟರು. ಈಗ ನಾವು ಹಾಕುವ ಬರಿಯ 17ರ ತಂತಿಯಲ್ಲಿ ಉಕ್ಕೇ ಉಕ್ಕು. ಪರಿಹಾರಕ್ಕೆ ಮೊದಲು ಪಿಕಪ್‌ನ್ನು ಒಟ್ಟಾರೆ ಅರ್ಧ ಮಿ.ಮೀ. ಇಳಿಸಿ, ಜಿಗೆ 16 ಹಾಕಿ ನೋಡಿ. ಬಹುಪಾಲು ಇಷ್ಟರಲ್ಲೇ ಸಾಕಾಗುತ್ತದೆ. ಬೆಂಡ್ (ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವುದು) ಕಡಿಮೆ ಮಾಡುವವರಾದರೆ ಸುತ್ತು ಜಿ ಇರುವ ಸೆಟ್ಟೇ ಹಾಕಿ, ಆಗ ಆ ಪಿಕಪ್ ಯಾವ ಕಾಲಕ್ಕೆ ಹುಟ್ಟಿದ್ದು ಅಂತ ಕಿವಿಗೆ ಗೊತ್ತಾಗುತ್ತದೆ.

ಪಿಕಪ್ ತೀರಾ ಎತ್ತರ ಇದ್ದರೆ ಬರುವ ತೊಂದರೆ ಬೇರೆ. ದಪ್ಪ ಇ ತಂತಿಯಲ್ಲಿ 12ನೇ ಫ್ರೆಟ್ ಮೇಲೆ ಒಂದೇ ಸ್ವರ ಎರಡಾಗಿ ಅಲೆಯುತ್ತದೆ, ಟ್ಯೂನರ್ ಮುಳ್ಳು ನಿಲ್ಲುವುದೇ ಇಲ್ಲ. ಮ್ಯಾಗ್ನೆಟ್ ತಂತಿಯನ್ನು ಎಳೆಯುತ್ತಿದೆ ಅಂತ ಅರ್ಥ. ಬ್ರಿಜ್ ಸ್ಯಾಡಲ್ (ತಂತಿ ಕೂರುವ ತುಂಡು) ಸರಿಸಿ ಇಂಟೊನೇಶನ್ (ಫ್ರೆಟ್‌ನಿಂದ ಫ್ರೆಟ್‌ಗೆ ಶ್ರುತಿ) ಸರಿಮಾಡಲು ಹೊರಡುವ ಮುನ್ನ ನೆಕ್ (ಕತ್ತು) ಕಡೆಯ ಪಿಕಪ್ ಇಳಿಸಿ ನೋಡಿ.

ಪ್ರಶ್ನೆ: ಹಿಡಿತದ ಬಗ್ಗೆ ಕೇಳ್ತೀನಿ. ಹಳೇ ಫೆಂಡರ್ ನೆಕ್ ಕಾರ್ಡ್‌ಗೆ ಬೆಣ್ಣೆ, ಆದರೆ 15ನೇ ಫ್ರೆಟ್‌ನಲ್ಲಿ ಬೆಂಡ್ ಮಾಡಿದರೆ ಸ್ವರ ಸತ್ತು ಹೋಗುತ್ತೆ. ಅದಕ್ಕೆ ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಎತ್ತಿಸೋದು ಬಿಟ್ಟು ಬೇರೆ ದಾರಿ ಇಲ್ವಾ?

ಉತ್ತರ: ಇದೆ, ಆದರೆ ಕ್ರಮ ತಪ್ಪಿದರೆ ಫ್ರೆಟ್ ಸುಮ್ಮನೆ ಸವೆಸಿದಂತಾಗುತ್ತದೆ. ಆ ಫಿಂಗರ್‌ಬೋರ್ಡಿನ ಬಾಗು 7.25 ಇಂಚು ರೇಡಿಯಸ್, ಅಂದರೆ 184 ಮಿ.ಮೀ.; ಗಿಬ್ಸನ್‌ನದು 12 ಇಂಚು. ಬಾಗು ಹೆಚ್ಚಿದ್ದಷ್ಟೂ ಬೆರಳಿಗೆ ಸುಖ. ಆದರೆ ತೆಳು ತಂತಿಯನ್ನು ಎಳೆದಾಗ ಅದು ಬೋರ್ಡಿನ ದಿಬ್ಬ ಹತ್ತುತ್ತದೆ, ಎರಡು ಮೂರು ಫ್ರೆಟ್ ಮುಂದೆ ಎಲ್ಲೋ ತಗುಲುತ್ತದೆ.

ಮೊದಲು ರಿಲೀಫ್, ಅಂದರೆ ನೆಕ್‌ನ ಉದ್ದಕ್ಕೆ ಇರುವ ಅಲ್ಪ ತಗ್ಗು. 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್ ಬಳಿ ಫೀಲರ್ ಗೇಜ್ ಇಡಿ. 0.3 ಮಿ.ಮೀ. ಇರಬೇಕು. ಹಳೇ ಸ್ಟ್ರಾಟ್‌ನಲ್ಲಿ ಟ್ರಸ್ ರಾಡ್‌ನ (ನೆಕ್ ಒಳಗಿನ ಉಕ್ಕಿನ ಕಂಬಿ) ನಟ್ ನೆಕ್‌ನ ಬುಡದಲ್ಲಿದೆ: ತಂತಿ ಸಡಿಲಿಸಿ, ನಾಲ್ಕು ಸ್ಕ್ರೂ ಬಿಚ್ಚಿ, ನೆಕ್ ಹೊರತೆಗೆದು ಕಾಲು ಸುತ್ತು ತಿರುಗಿಸಿ, ಮತ್ತೆ ಕೂಡಿಸಿ ಅಳೆಯಿರಿ. ಬೇಜಾರಿನ ಕೆಲಸ, ಆದರೆ ಇದರಲ್ಲಿ ಅವಸರ ಮಾಡಿದವರೇ ನಟ್‌ನ ತಲೆ ಕಿತ್ತು ತರುತ್ತಾರೆ. ಆಮೇಲೆ 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ದಪ್ಪ ಕಡೆ 2 ಮಿ.ಮೀ., ತೆಳು ಕಡೆ 1.6 ಮಿ.ಮೀ. ಮಾಡಿ.

ಇಷ್ಟಾದ ಮೇಲೂ ಸ್ವರ ಸಾಯುತ್ತಿದ್ದರೆ ಬುಡದ ಕಡೆ ಬೋರ್ಡ್ ಎದ್ದಿದೆಯೇ ಅಂತ ಚಿಕ್ಕ ನೇರಪಟ್ಟಿಯನ್ನು ಮೂರು ಮೂರು ಫ್ರೆಟ್ ಮೇಲೆ ಇಟ್ಟು ಅಲ್ಲಾಡಿಸಿ ನೋಡಿ. ಪಟ್ಟಿ ತೂಗಾಡಿದರೆ ನಡುವಿನ ಫ್ರೆಟ್ ಎತ್ತರ ಇದೆ. ಲೆವೆಲ್ ಮಾಡಿಸುವಾಗ 15ನೇ ಫ್ರೆಟ್‌ನಿಂದ ಕೊನೆಯವರೆಗೆ ನಿಧಾನವಾಗಿ ಇಳಿಜಾರು ಬಿಡಿಸಿ; ಕೊನೆಯಲ್ಲಿ 0.1ರಿಂದ 0.2 ಮಿ.ಮೀ. ಸಾಕು. ಲೆವೆಲ್ ಆದ ಮೇಲೆ ಫ್ರೆಟ್‌ನ ಎತ್ತರ 0.7 ಮಿ.ಮೀ.ಗಿಂತ ಕೆಳಗೆ ಹೋಗುವ ಹಾಗಿದ್ದರೆ ಹೊಸ ಫ್ರೆಟ್ ಹಾಕಿಸುವುದೇ ಮೇಲು.

ಹೊಸ ಫ್ರೆಟ್ ಹಾಕುವವರಿಗೆ ಒಂದು ಎಚ್ಚರಿಕೆ. ಫೆಂಡರ್‌ನವರು 1980ರ ದಶಕದ ಆರಂಭದವರೆಗೂ ಫ್ರೆಟ್‌ಗಳನ್ನು ಮೇಲಿಂದ ಬಡಿಯದೆ ಬದಿಯಿಂದ ತೂರಿಸುತ್ತಿದ್ದರು. ನೇರ ಮೇಲಕ್ಕೆ ಕಿತ್ತರೆ ಬೋರ್ಡಿನ ಚಕ್ಕೆ ಎದ್ದುಬರುತ್ತದೆ. ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ, ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಮೇಪಲ್ ಬೋರ್ಡ್ ಆದರೆ ಮೊದಲು ಫ್ರೆಟ್ ಅಂಚಿನುದ್ದಕ್ಕೂ ಲ್ಯಾಕರ್‌ಗೆ ಬ್ಲೇಡ್ ಎಳೆಯಿರಿ.

ಇನ್ನೊಬ್ಬ ಸದಸ್ಯರು: ನುಡಿಸುವವನಾಗಿ ಒಂದು ಮಾತು ಸೇರಿಸ್ತೀನಿ. ಸೌಂಡ್ ಬಗ್ಗೆ ಎಷ್ಟಾದರೂ ವಾದ ಮಾಡಿ, ಹಳೇ ನೆಕ್‌ನ ಅಂಚು ಸವೆದು ದುಂಡಾಗಿರೋದು, ಹಿಂಭಾಗದ ಲ್ಯಾಕರ್ ಹೋಗಿ ಮರ ಮುಟ್ಟೋದು, ಇವು ಕಣ್ಣುಮುಚ್ಚಿದರೂ ಗೊತ್ತಾಗುತ್ತೆ.

ಉತ್ತರ: ಪೂರ್ತಿ ಒಪ್ಪುತ್ತೇನೆ. ಕುರುಡು ಪರೀಕ್ಷೆಯಲ್ಲಿ ಸೋಲದ ಗುಣ ಅದೊಂದೇ.

ಪ್ರಶ್ನೆ: ಗುರುಗಳೇ, ಆಂಪ್‌ನ ಗೇನ್ ಏರಿಸಿದರೆ ಹಳೇ ಹಂಬಕರ್ ಕೀರಲು ಶಬ್ದ ಮಾಡುತ್ತೆ. ಮೇಣದಲ್ಲಿ ಅದ್ದಿಸಿದರೆ ಸರಿಹೋಗುತ್ತಂತೆ, ಹೌದಾ?

ಉತ್ತರ: ಸರಿಹೋಗುತ್ತದೆ, ಆದರೆ ಕೊನೆಯ ಮದ್ದು ಅದು. ಆ ಕಾಲದ ಪಿಎಎಫ್‌ಗಳಿಗೆ ಮೇಣ ಹಾಕುತ್ತಿರಲಿಲ್ಲ. ಕವರ್ ಮೇಲೆ ಪ್ಲಾಸ್ಟಿಕ್ ಪೆನ್ನಿನಿಂದ ತಟ್ಟಿ. ಆಂಪ್‌ನಲ್ಲಿ "ಟಕ್" ಅಂತ ಜೋರಾಗಿ ಬಂದರೆ ಮೈಕ್ರೊಫೋನಿಕ್ ಆಗಿದೆ, ಅಂದರೆ ಪಿಕಪ್ ಮೈಕ್‌ನಂತೆ ತಟ್ಟಿದ್ದನ್ನೂ ಹಿಡಿಯುತ್ತಿದೆ. ಮೊದಲು ಪಿಕಪ್ ಸುತ್ತಲಿನ ರಿಂಗ್‌ನ ಸ್ಕ್ರೂ ಬಿಗಿ ಮಾಡಿ. ಎತ್ತರದ ಸ್ಕ್ರೂಗಳ ಸ್ಪ್ರಿಂಗ್ ಕಂಪಿಸುತ್ತಿದ್ದರೆ ಅದರ ಜಾಗಕ್ಕೆ ಮೆತ್ತನೆಯ ರಬ್ಬರ್ ನಳಿಕೆ ಹಾಕಿ, ಹಳೇ ಸ್ಪ್ರಿಂಗನ್ನು ಕೇಸ್‌ನಲ್ಲೇ ಇಟ್ಟುಕೊಳ್ಳಿ. ಆಂಪ್‌ನಿಂದ ದೂರ ನಿಂತು ನೋಡಿ.

ಇನ್ನೊಬ್ಬ ರಿಪೇರಿಯವರು: ಇಲ್ಲಿ ನನ್ನ ಅಭಿಪ್ರಾಯ ಬೇರೆ. ವೇದಿಕೆಯಲ್ಲಿ ಜೋರಾಗಿ ನುಡಿಸುವ ವಾದ್ಯ ಕೀರಿದರೆ ಅದು ನುಡಿಸಲು ಬರುವುದಿಲ್ಲ. ಪ್ಯಾರಾಫಿನ್ 80 ಪಾಲು, ಜೇನುಮೇಣ 20 ಪಾಲು, ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60–65 ಡಿಗ್ರಿ, ಗುಳ್ಳೆ ನಿಲ್ಲುವವರೆಗೆ ಹತ್ತು ಹದಿನೈದು ನಿಮಿಷ. ಥರ್ಮಾಮೀಟರ್ ಇಲ್ಲದೆ ಮಾತ್ರ ಬೇಡ, ಕಾವು ಹೆಚ್ಚಾದರೆ ಬಾಬಿನ್ ಸೊಟ್ಟಗಾಗುತ್ತದೆ.

ಉತ್ತರ: ವಿಧಾನ ಸರಿ. ಆದರೆ ಕವರ್‌ನ ಹಳೇ ಬೆಸುಗೆ ಒಮ್ಮೆ ಬಿಚ್ಚಿದರೆ "ಮುಟ್ಟದ ಪಿಎಎಫ್" ಅನ್ನಿಸಿಕೊಳ್ಳುವುದಿಲ್ಲ, ಮೇಣವೂ ಪೂರ್ತಿ ಹೊರಬರುವುದಿಲ್ಲ. ಜೊತೆಗೆ ಮೇಣ ಹಾಕದ ಪಿಕಪ್‌ನ ಆ ಗಾಳಿಗಾಳಿಯಾದ ಬಿಚ್ಚುತನ ಸ್ವಲ್ಪ ಕಡಿಮೆಯಾಗುತ್ತದೆ. ಜೋರಾಗಿ ನುಡಿಸಲೇಬೇಕಿದ್ದರೆ ಮೂಲ ಪಿಕಪ್ ಬಿಚ್ಚಿ ಎತ್ತಿಡಿ, ಮೇಣ ಹಾಕಿದ ಹೊಸ ಜೋಡಿ ಕೂಡಿಸಿ. ಈ ವಿಷಯದಲ್ಲಿ ನಾವಿಬ್ಬರೂ ಒಪ್ಪುವುದು ಕಷ್ಟ, ಬಿಡಿ.

ಪ್ರಶ್ನೆ: 70ರ ದಶಕದವು ಕಳಪೆ ಅಂತಾರೆ. ಕಣ್ಣು ಮುಚ್ಚಿ ಬಿಟ್ಟುಬಿಡಬೇಕಾ?

ಉತ್ತರ: ಕೈಯಲ್ಲಿ ಹಿಡಿದು ನೋಡಿ ಬಿಡಿ. ಫೆಂಡರ್ 1965ರ ಜನವರಿಯಲ್ಲಿ ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್ ಕೈಗೆ ಹೋಯಿತು. 60ರ ದಶಕದ ಕೊನೆಗೆ ದಪ್ಪ ಪಾಲಿಯೆಸ್ಟರ್ ಲೇಪ ಬಂತು, 1971ರಲ್ಲಿ ಸ್ಟ್ರಾಟ್ ನೆಕ್‌ಗೆ ನಾಲ್ಕರ ಬದಲು ಮೂರು ಬೋಲ್ಟ್. ಮೂರು ಬೋಲ್ಟೇ ದೋಷವಲ್ಲ, ನೆಕ್ ಕೂರುವ ಗುಂಡಿ ಸಡಿಲವಿದ್ದರೆ ತೊಂದರೆ: ನೆಕ್ ಪಕ್ಕಕ್ಕೆ ಸರಿದು ತೆಳು ಇ ತಂತಿ ಅಂಚಿನಿಂದ ಜಾರುತ್ತದೆ. ನೆಕ್ ಹಿಡಿದು ಪಕ್ಕಕ್ಕೆ ಒತ್ತಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ. ತೂಕವನ್ನೂ ತಕ್ಕಡಿಯಲ್ಲಿ ಹಾಕಿ ನೋಡಿ, ಆ ಕಾಲದ ಕೆಲವು ಆ್ಯಶ್ ಮರದ ಬಾಡಿಗಳು ಭುಜಕ್ಕೆ ಶಿಕ್ಷೆ.

ಗಿಬ್ಸನ್ ಕೊಳ್ಳುವವರು 1965ರ ನಂತರದ ಕೆಲವು ವರ್ಷಗಳ ನಟ್ (ನೆಕ್‌ನ ತುದಿಯಲ್ಲಿ ತಂತಿ ಕೂರುವ ಅಡ್ಡಪಟ್ಟಿ) ಅಗಲ ಅಳೆಯಿರಿ. 43 ಮಿ.ಮೀ. ಇದ್ದದ್ದು 40ಕ್ಕೆ ಇಳಿದಿರುತ್ತದೆ. ದಪ್ಪ ಬೆರಳಿನವರಿಗೆ ಇದು ಯಾವ ಸೆಟಪ್‌ನಿಂದಲೂ ಸರಿಯಾಗದು.

ಪ್ರಶ್ನೆ: ಟೋನ್ ಗುಂಡಿಗೆ ಹಳೇ "ಬಂಬಲ್‌ಬೀ" (ಬಣ್ಣದ ಪಟ್ಟೆಗಳಿರುವ) ಕೆಪಾಸಿಟರ್ ಹಾಕಿದರೆ ಟೋನ್ ಬದಲಾಗುತ್ತಾ?

ಉತ್ತರ: ಟೋನ್ ಗುಂಡಿ 10ರಲ್ಲಿ ಇರುವಾಗ ಇಲ್ಲ. ಆಗ ಕೆಪಾಸಿಟರ್‌ನ ಮುಂದೆ 500 ಕಿಲೋಓಮ್ ಕೂತಿರುತ್ತದೆ. ಗುಂಡಿ ಇಳಿಸಿದಾಗ ಕೇಳಿಸುವ ವ್ಯತ್ಯಾಸ ಬಹುಮಟ್ಟಿಗೆ ಮೈಕ್ರೊಫ್ಯಾರಡ್‌ನದು. ಹಳೇದರ ಮೇಲೆ 0.022 ಅಂತ ಬರೆದಿದ್ದರೂ ಮೀಟರ್ ಬೇರೆಯೇ ಹೇಳಬಹುದು. ಅದೇ ಅಳತೆಯ ಸಾಧಾರಣ ಫಿಲ್ಮ್ ಕೆಪಾಸಿಟರ್ ಹಾಕಿ ಹೋಲಿಸಿ, ಆಮೇಲೆ ಖರ್ಚು ಮಾಡಿ.

ಪ್ರಶ್ನೆ: ಪಾಟ್ (ವಾಲ್ಯೂಮ್, ಟೋನ್ ಗುಂಡಿಯ ಕೆಳಗಿನ ಪೊಟೆನ್ಶಿಯೋಮೀಟರ್) ಮೇಲಿನ ಅಂಕಿಯಿಂದ ಗಿಟಾರ್‌ನ ವರ್ಷ ಹೇಳಬಹುದಾ?

ಉತ್ತರ: 60ರ ದಶಕದ ಏಳಂಕಿ ಕೋಡ್ ಆದರೆ ಸುಲಭ. 1376612 ಅಂದರೆ 137 ಸಿಟಿಎಸ್ ಕಂಪನಿ, 1966, 12ನೇ ವಾರ. 304 ಇದ್ದರೆ ಸ್ಟ್ಯಾಕ್‌ಪೋಲ್, 134 ಇದ್ದರೆ ಸೆಂಟ್ರಲ್ಯಾಬ್. ಗಿಟಾರ್ ಅದಕ್ಕಿಂತ ಹಿಂದಿನದಲ್ಲ ಅಂತಷ್ಟೇ ಇದರಿಂದ ಗೊತ್ತಾಗುವುದು, ಅದೂ ಪಾಟ್ ಬದಲಾಯಿಸದಿದ್ದರೆ. 1966ರ ಪಾಟ್‌ಗಳು 60ರ ದಶಕದ ಕೊನೆಯ ಫೆಂಡರ್‌ಗಳಲ್ಲೂ ಸಿಗುತ್ತವೆ. ಅಂಕಿಗಿಂತ ಬೆಸುಗೆ ನೋಡಿ: ಮಂಕಾಗಿ, ಒಂದೇ ಬಾರಿ ಕಾದಂತಿದ್ದರೆ ಒಳ್ಳೆಯ ಲಕ್ಷಣ. ಅಳೆಯುವ ನೆಪದಲ್ಲಿ ಅದನ್ನು ಬಿಚ್ಚಬೇಡಿ. ವಾಲ್ಯೂಮ್ 10ಕ್ಕೆ ಇಟ್ಟು ಜ್ಯಾಕ್‌ನಿಂದಲೇ ಅಳೆಯಿರಿ. 250 ಕಿಲೋಓಮ್ ಪಾಟ್ ಇದ್ದಾಗ 6.0 ಕಿಲೋಓಮ್ ಪಿಕಪ್ 5.86 ತೋರಿಸುತ್ತದೆ, ಅಷ್ಟೇ.

ಪ್ರಶ್ನೆ: ಕೊನೆಯದು. ಸಾಮಾನ್ಯ ಸ್ಟ್ಯಾಂಡ್ ಮೇಲೆ ಇಡಬಹುದಾ?

ಉತ್ತರ: ನೈಟ್ರೋ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಇದ್ದರೆ ರಬ್ಬರ್, ವಿನೈಲ್ ತಾಗುವ ಸ್ಟ್ಯಾಂಡ್ ಬೇಡವೇ ಬೇಡ. ಅವು ತಾಗಿದಲ್ಲಿ ಲ್ಯಾಕರ್ ಮೆತ್ತಗಾಗಿ ಅಚ್ಚು ಬೀಳುತ್ತದೆ, ಉಜ್ಜಿದರೆ ಹೋಗುವುದಿಲ್ಲ. ಹತ್ತಿ ಬಟ್ಟೆ ದಪ್ಪಗೆ ಸುತ್ತಿ ಇಡಿ, ಇಲ್ಲವೇ ಕೇಸ್‌ನಲ್ಲೇ ಇರಲಿ.