ಟ್ರಾಕಿಯಾಸ್ಟಮಿ ಇರುವ ಮಗುವನ್ನು ಮುಟ್ಟಲು ವಿದ್ಯಾರ್ಥಿನಿಯರಿಗೆ ಭಯ, ಹೇಗೆ ಕಲಿಸಲಿ?

ಪ್ರಶ್ನೆ (ನರ್ಸಿಂಗ್ ಬೋಧಕಿ, ಉಡುಪಿ):

ನಮಸ್ಕಾರ ಮೇಡಂ. ಬಿ.ಎಸ್ಸಿ. ನರ್ಸಿಂಗ್ ಮೂರನೆಯ ವರ್ಷದ ಎಂಟು ವಿದ್ಯಾರ್ಥಿನಿಯರನ್ನು ಮಕ್ಕಳ ವಾರ್ಡಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಜ್ವರ, ಭೇದಿ, ನ್ಯುಮೋನಿಯಾ ಇರುವ ಮಕ್ಕಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಆದರೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ), ಅಪಸ್ಮಾರ ಎರಡೂ ಇರುವ ಹುಡುಗನೊಬ್ಬನಿದ್ದಾನೆ. ಕುತ್ತಿಗೆಯಲ್ಲಿ ಟ್ರಾಕಿಯಾಸ್ಟಮಿ (ಉಸಿರಾಡಲು ಶ್ವಾಸನಾಳಕ್ಕೆ ತೂತು ಮಾಡಿ ಇಟ್ಟ ಟ್ಯೂಬ್), ಮೂಗಿನಲ್ಲಿ ಆಹಾರದ ನಳಿಕೆ. ಅವನ ಹತ್ತಿರ ಒಬ್ಬಳೂ ಸುಳಿಯುವುದಿಲ್ಲ. ಕಾಲೇಜಿನ ಬೊಂಬೆಗೆ ಸಕ್ಷನ್ (ಟ್ಯೂಬಿನ ಕಫ ಹೀರಿ ತೆಗೆಯುವುದು) ಮಾಡಿ ಪೂರ್ತಿ ಅಂಕ ತೆಗೆದವಳೇ ಇಲ್ಲಿ ಚಾರ್ಟ್ ತಿದ್ದುತ್ತಾ ದೂರ ನಿಲ್ಲುತ್ತಾಳೆ. ಪೋಸ್ಟಿಂಗ್ ಮುಗಿಯಲು ಹತ್ತೇ ದಿನ ಉಳಿದಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ (ಮಕ್ಕಳ ಐಸಿಯುವಿನ ನಿವೃತ್ತ ಇನ್‌ಚಾರ್ಜ್ ಸಿಸ್ಟರ್, ಮಂಗಳೂರು):

ಮೊದಲ ದಿನ ಯಾವ ಕೆಲಸವನ್ನೂ ಕೊಡಬೇಡಿ. ಒಬ್ಬಳನ್ನು ಕರೆದು, ಹುಡುಗನ ತಾಯಿಯ ಪಕ್ಕದಲ್ಲಿ ಸ್ಟೂಲ್ ಹಾಕಿ ಒಂದು ಗಂಟೆ ಕೂರಿಸಿ. ಪುಸ್ತಕವೂ ಬೇಡ, ಮೊಬೈಲೂ ಬೇಡ. ಎದ್ದು ಬಂದ ಮೇಲೆ ಕೇಳಿ: ಆರಾಮಾಗಿರುವಾಗ ಅವನ ಉಸಿರಿನ ಸದ್ದು ಹೇಗಿರುತ್ತದೆ? ಕಫ ಕಟ್ಟಿದಾಗ ಹೇಗೆ ಬದಲಾಗುತ್ತದೆ? ನೋವಾಗುತ್ತಿದೆ ಎಂದು ತಾಯಿಗೆ ಯಾವುದರಿಂದ ತಿಳಿಯುತ್ತದೆ? ಉತ್ತರ ಬರದಿದ್ದರೆ ಮರುದಿನವೂ ಕೂರಲಿ.

ಇದನ್ನು ನಾನು ಪೆಟ್ಟು ತಿಂದು ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತು, ರಾತ್ರಿ ಪಾಳಿ. ‘ಮಗು ಸರಿಯಿಲ್ಲ ಸಿಸ್ಟರ್’ ಎಂದು ಒಬ್ಬ ತಾಯಿ ಎರಡು ಸಲ ಬಂದು ಹೇಳಿದರು. ನಾನು ಮಾನಿಟರ್ ಕಡೆ ಕೈ ತೋರಿಸಿದೆ. ರಕ್ತದ ಆಮ್ಲಜನಕ ಶೇಕಡಾ 96, ಸರಿಯಾಗಿಯೇ ಇತ್ತು. ಸ್ವಲ್ಪ ಹೊತ್ತಿನಲ್ಲೇ ಒಣಗಿದ ಕಫ ಟ್ಯೂಬಿಗೆ ಬಿರಡೆಯಂತೆ ಕಚ್ಚಿಕೊಂಡು ಮಗು ನೀಲಿಯಾಯಿತು. ಹಿರಿಯ ಸಿಸ್ಟರ್ ಓಡಿ ಬಂದು ಟ್ಯೂಬ್ ಬದಲಿಸಿದ್ದರಿಂದ ಉಳಿಯಿತು. ಆ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಮಗುವಿನ ಫ್ರಾಕನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು.

ಇನ್ನು ಕೈಕೆಲಸ. ಬೊಂಬೆ ಕೆಮ್ಮುವುದಿಲ್ಲ, ಕಣ್ಣಲ್ಲಿ ನೀರು ತರುವುದಿಲ್ಲ, ಆದ್ದರಿಂದ ಹುಡುಗಿಯರು ಅಲ್ಲಿ ಧೈರ್ಯವಂತರು. ಸಕ್ಷನ್ ಮಾಡುವಾಗ ತಮ್ಮ ಉಸಿರನ್ನೂ ಬಿಗಿಹಿಡಿಯಲು ಹೇಳಿ. ತಮಗೆ ಗಾಳಿ ಬೇಕೆನಿಸುವ ಮೊದಲೇ ಕ್ಯಾಥೆಟರ್ (ಕಫ ಹೀರುವ ಸಣ್ಣ ನಳಿಕೆ) ಹೊರಗೆ ಬಂದಿರುತ್ತದೆ. ಹತ್ತು ಸೆಕೆಂಡ್ ಮೀರಬಾರದು, ಐದರಲ್ಲಿ ಮುಗಿದರೆ ಒಳ್ಳೆಯದು. ಟ್ಯೂಬಿನ ಒಳ ಅಳತೆ 4 ಮಿಲಿಮೀಟರ್ ಇದ್ದರೆ 8 ನಂಬರ್ ಕ್ಯಾಥೆಟರ್. ಎಷ್ಟು ಉದ್ದ ಒಳಗೆ ಹೋಗಬೇಕೆಂದು ಮೊದಲೇ ಅಳೆದಿಟ್ಟುಕೊಳ್ಳಬೇಕು. ತಡೆಯುವವರೆಗೂ ತಳ್ಳುವುದು ತಪ್ಪು. ಅದೇ ಅಳತೆಯದು ಒಂದು, ಅರ್ಧ ಮಿಲಿಮೀಟರ್ ಸಣ್ಣದು ಒಂದು, ಹೀಗೆ ಎರಡು ಬದಲಿ ಟ್ಯೂಬ್ ತಲೆದೆಸೆಯಲ್ಲೇ ಇರಲಿ. ಪಾಳಿ ಬದಲಾದಾಗ ವಿದ್ಯಾರ್ಥಿನಿ ಅವನ್ನು ಕಣ್ಣಿಂದ ನೋಡಿದರೆ ಸಾಲದು, ಮುಟ್ಟಿ ಹೇಳಬೇಕು.

ಮೂಗಿನ ನಳಿಕೆ ಹೊಟ್ಟೆಯಲ್ಲೇ ಇದೆಯೇ ಎಂದು ನೋಡಲು ಗಾಳಿ ಊದಿ ಸ್ಟೆತಸ್ಕೋಪ್ ಇಡುವುದನ್ನು ಇನ್ನೂ ಕೆಲವರು ಕಲಿಸುತ್ತಾರೆ. ದಯವಿಟ್ಟು ಬಿಡಿ. ನಳಿಕೆ ಶ್ವಾಸನಾಳಕ್ಕೆ ಹೋಗಿದ್ದರೂ ಆ ಸದ್ದು ಕೇಳಬಹುದು. ಒಳಗಿನ ದ್ರವವನ್ನು ಸ್ವಲ್ಪ ಎಳೆದು ಪಿಎಚ್ ಕಾಗದದಲ್ಲಿ (ಹುಳಿ ಅಳೆಯುವ ಕಾಗದ; ಹೊಟ್ಟೆಯ ದ್ರವ ಹುಳಿ) ನೋಡಿ: 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಸಂಶಯವಿದ್ದರೆ ಎಕ್ಸ್‌ರೇ ಆಗುವವರೆಗೆ ಏನನ್ನೂ ಕೊಡಬಾರದು.

ಪ್ರತಿಕ್ರಿಯೆ (ವಾರ್ಡ್ ಸಿಸ್ಟರ್, ಮಂಗಳೂರು):

ಅಕ್ಕ, ಒಂದು ತಕರಾರು. ತಾಯಿಯೇ ಗುರು ಎಂದು ನೀವು ಹೇಳುತ್ತೀರಿ, ನಮ್ಮಲ್ಲಿ ಅದೇ ನೆಪವಾಗಿದೆ. ‘ಅಮ್ಮನಿಗೆ ಗೊತ್ತಿದೆಯಲ್ಲ’ ಎಂದು ಫೀಡ್, ಸಕ್ಷನ್ ಎಲ್ಲ ಅವರ ತಲೆಗೆ ಕಟ್ಟಿ ಬಿಡುತ್ತಾರೆ. ಆ ಹೆಂಗಸು ಸ್ನಾನ ಮಾಡಿ ಎರಡು ದಿನವಾಗಿರುತ್ತದೆ.

ಉತ್ತರ:

ಒಪ್ಪಿದೆ ಮಾರಾಯ್ತಿ, ಅದನ್ನು ನಾನೇ ಬರೆಯಬೇಕಿತ್ತು. ಸ್ಟೂಲಿನ ಮೇಲೆ ಕೂತು ಕಲಿತವಳು ಮೂರನೆಯ ದಿನ ತಾಯಿಗೆ ‘ನೀವು ಹೋಗಿ ಸ್ನಾನ ಮಾಡಿ, ಊಟ ಮಾಡಿ ಬನ್ನಿ, ನಾನಿದ್ದೇನೆ’ ಎನ್ನಬೇಕು. ತಾಯಿ ನಿಜವಾಗಿಯೂ ಎದ್ದು ಹೋದರೆ ಆ ವಿದ್ಯಾರ್ಥಿನಿ ಪಾಸು. ನನ್ನ ಬಳಿ ಬೇರೆ ಪರೀಕ್ಷೆ ಇರಲಿಲ್ಲ. ಬೋಧಕಿ ಮಾತ್ರ ಆ ಹೊತ್ತು ಹಾಸಿಗೆಯ ಹತ್ತಿರವೇ ಇರಬೇಕು, ಕ್ಯಾಂಟೀನಿನಲ್ಲಲ್ಲ.

ಪ್ರಶ್ನೆ (ವಿದ್ಯಾರ್ಥಿನಿ):

ಮೇಡಂ, ನನಗೆ ಟ್ಯೂಬಿಗಿಂತ ಔಷಧದ ಲೆಕ್ಕ ತಪ್ಪುವ ಭಯವೇ ಹೆಚ್ಚು. ಮತ್ತೆ ನಿಲ್ಲಲಾಗದ ಮಗುವಿನ ತೂಕ ನೋಡುವುದು ಹೇಗೆ?

ಉತ್ತರ:

ಒಳ್ಳೆಯ ಭಯ, ಇಟ್ಟುಕೋ ಮಗಳೇ. ತಾಯಿ ಮಗುವನ್ನು ಎತ್ತಿಕೊಂಡು ನಿಂತಾಗ 64.4 ಕಿಲೋ, ತಾಯಿ ಒಬ್ಬರೇ 52.4 ಎಂದಿಟ್ಟುಕೋ. ಮಗು 12 ಕಿಲೋ. ವೈದ್ಯರು ಅಪಸ್ಮಾರದ ಔಷಧ ವಾಲ್‌ಪ್ರೊಯೇಟ್ ಸಿರಪ್ಪನ್ನು ದಿನಕ್ಕೆ ಕಿಲೋಗೆ 20 ಮಿಲಿಗ್ರಾಂ, ಎರಡು ಹೊತ್ತಿಗೆ ಬರೆದಿದ್ದಾರೆ. ಒಟ್ಟು 240, ಒಂದು ಹೊತ್ತಿಗೆ 120. ಬಾಟಲಿಯ ಮೇಲೆ 5 ಮಿಲಿಲೀಟರಿಗೆ 200 ಮಿಲಿಗ್ರಾಂ ಎಂದಿದ್ದರೆ 3 ಮಿಲಿಲೀಟರ್. ಈ 3ನ್ನು ‘3.0’ ಎಂದು ಎಂದಿಗೂ ಬರೆಯಬೇಡ. ಚುಕ್ಕೆ ಮಾಸಿದರೆ 30 ಆಗುತ್ತದೆ. ಅರ್ಧಕ್ಕೆ ‘.5’ ಅಲ್ಲ, ‘0.5’. ಲೆಕ್ಕವನ್ನು ಇನ್ನೊಬ್ಬಳು ಬೇರೆಯಾಗಿ ಮಾಡಬೇಕು, ನಿನ್ನದನ್ನು ನೋಡಿ ತಲೆಯಾಡಿಸುವುದಲ್ಲ.

ಪ್ರತಿಕ್ರಿಯೆ (ಒಬ್ಬ ತಾಯಿ, ಬೆಳ್ತಂಗಡಿ ಕಡೆಯವರು):

ಸಿಸ್ಟರ್, ಆಸ್ಪತ್ರೆಯಲ್ಲಿ ಎಲ್ಲ ಕಲಿಸಿ ಕಳಿಸಿದರು. ಮನೆಗೆ ಬಂದ ವಾರವೇ ಗಾಳಿಮಳೆಗೆ ರಾತ್ರಿಯಿಡೀ ಕರೆಂಟಿಲ್ಲ. ಸಕ್ಷನ್ ಮೆಷಿನ್ ಸುಮ್ಮನೆ ಕೂತಿತ್ತು. ಇದನ್ನು ಯಾರೂ ಕೇಳಿರಲಿಲ್ಲ.

ಉತ್ತರ:

ಬೋಧಕಿಯವರೇ, ನಿಮ್ಮ ಹತ್ತನೆಯ ದಿನದ ಪಾಠ ಇದು. ಡಿಸ್ಚಾರ್ಜಿಗೆ ಮೊದಲು ವಿದ್ಯಾರ್ಥಿನಿ ಮನೆಯ ಬಗ್ಗೆ ಕೇಳಲಿ: ಕರೆಂಟ್ ಎಷ್ಟು ಹೊತ್ತು ಹೋಗುತ್ತದೆ, ಮಳೆಗಾಲದಲ್ಲಿ ಅಂಗಳದವರೆಗೆ ಜೀಪು ಬರುತ್ತದೆಯೇ, ರಾತ್ರಿ ಇನ್ನೊಬ್ಬರು ಎದ್ದಿರಬಲ್ಲರೇ. ಕಾಲಿನಿಂದ ಒತ್ತುವ ಸಕ್ಷನ್ ಪಂಪ್ ಸಿಗುತ್ತದೆ, ಅದನ್ನು ತಾಯಿಯ ಕೈಯಿಂದಲೇ ವಾರ್ಡಿನಲ್ಲಿ ಮಾಡಿಸಿ ನೋಡಿ. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ನಳಿಕೆಯಲ್ಲಿ ಕೊಡುವ ಮನೆಗಳಿವೆ. ಬಟ್ಟೆಯಲ್ಲಿ ಸೋಸದಿದ್ದರೆ ಕಟ್ಟಿಕೊಳ್ಳುತ್ತದೆ. ಗಂಜಿ ಕೊಡಬಹುದೇ ಎಂದು ಡಯಟಿಶಿಯನ್ ಹತ್ತಿರ ಮೊದಲು ಕೇಳಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಇದೆ, ಅರ್ಜಿ ಹಾಕಿದ್ದಾರೆಯೇ ಎಂದೂ ವಿಚಾರಿಸಲಿ. ಸಾಧ್ಯವಾದರೆ ಒಂದು ದಿನ ಕೊಕ್ಕಡದ ಎಂಡೋಸಲ್ಫಾನ್ (ಕೀಟನಾಶಕ) ಪೀಡಿತರ ಪಾಲನಾ ಕೇಂದ್ರಕ್ಕೆ ಅನುಮತಿ ಪಡೆದು ಕರೆದುಕೊಂಡು ಹೋಗಿ.

ಅಂದಹಾಗೆ, ನಿಮ್ಮ ಎಂಟು ಮಂದಿಯಲ್ಲಿ ಕೇರಳದವರು ಎಷ್ಟು? ಅವರಿಗೆ ನಾಲ್ಕು ತುಳು ಮಾತು ಕಲಿಸಿ. ‘ಬೇನೆ ಉಂಡಾ?’ (ನೋವಿದೆಯೇ?) ಎಂದು ಕೇಳಿದರೆ ಸಾಕು, ಅಜ್ಜಿಯಂದಿರು ಉಳಿದದ್ದನ್ನೆಲ್ಲ ತಾವೇ ಹೇಳುತ್ತಾರೆ.