ಮುಂದುವರಿದ ದೇಶಗಳ ನಿರುದ್ಯೋಗ: ಸೆಮಿನಾರ್‌ಗೆ ಎಲ್ಲಿಂದ ಶುರು ಮಾಡಲಿ?

ಎಂಎ ವಿದ್ಯಾರ್ಥಿನಿ, ಉಡುಪಿ

ಮುಂದುವರಿದ ದೇಶಗಳಲ್ಲಿ ನಿರುದ್ಯೋಗ ಯಾಕೆ ಏರುತ್ತದೆ, ಸರ್ಕಾರಗಳು ಎಂತ ಮಾಡಿದವು ಎಂಬ ಬಗ್ಗೆ 20 ನಿಮಿಷದ ಸೆಮಿನಾರ್ ಕೊಡಲಿಕ್ಕುಂಟು. ಪುಸ್ತಕದಲ್ಲಿ ನಿರುದ್ಯೋಗದ ಬಗೆಗಳು ಘರ್ಷಣಾತ್ಮಕ (ಕೆಲಸ ಬದಲಿಸುವ ನಡುವಿನದು), ರಚನಾತ್ಮಕ (ಕಸುಬಿಗೇ ಬೇಡಿಕೆ ಹೋದದ್ದು), ಆವರ್ತಕ (ಆರ್ಥಿಕ ಹಿಂಜರಿತದಲ್ಲಿ ಬರುವುದು) ಅಂತ ಪಟ್ಟಿ ಉಂಟು. ಅದನ್ನೇ ಓದಿದರೆ ಕ್ಲಾಸ್ ನಿದ್ದೆ ಮಾಡ್ತದೆ. ಯಾವ ದೇಶ ತೆಗೆದುಕೊಳ್ಳಲಿ? ಅಂಕಿ-ಅಂಶದಲ್ಲಿ ಎಲ್ಲಿ ತಪ್ಪಾಗುತ್ತದೆ? ಪಾಠ ಮಾಡಿ ಅನುಭವ ಇದ್ದವರು ತಿಳಿಸಿ.

ಅರ್ಥಶಾಸ್ತ್ರ ಉಪನ್ಯಾಸಕರು, ಕೊಡಿಯಾಲ್‌ಬೈಲ್

ಹತ್ತು ದೇಶ ಹಿಡಿಯಬೇಡಿ. ಜರ್ಮನಿ ಮತ್ತು ಸ್ಪೇನ್ ಎರಡೇ ಸಾಕು. 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನ ಬಳಿಕ, 2009ರಲ್ಲಿ ಜರ್ಮನಿಯ ಒಟ್ಟು ದೇಶೀಯ ಉತ್ಪನ್ನ (ಜಿಡಿಪಿ) ಶೇ 5ಕ್ಕೂ ಹೆಚ್ಚು ಕುಸಿಯಿತು, ಸ್ಪೇನಿನದು ಶೇ 4ರ ಒಳಗೆ. ಪೆಟ್ಟು ಜೋರಾಗಿ ಬಿದ್ದದ್ದು ಜರ್ಮನಿಗೆ. ಆದರೂ ಅಲ್ಲಿ ನಿರುದ್ಯೋಗ ಹೆಚ್ಚುಕಡಿಮೆ ಇದ್ದಲ್ಲೇ ನಿಂತಿತು. ಸ್ಪೇನಿನಲ್ಲಿ 2007ರಲ್ಲಿ ಶೇ 8 ಇದ್ದದ್ದು 2013ಕ್ಕೆ ಶೇ 26 ಆಯಿತು. ಇದು ಯಾಕೆ ಹೀಗಾಯಿತು ಎಂಬ ಒಂದೇ ಪ್ರಶ್ನೆಯನ್ನು ಬಿಡಿಸಿ.

ಜರ್ಮನಿಯದ್ದು ಕುರ್ಟ್ಸ್‌ಆರ್ಬೈಟ್, ಅಂದರೆ ಕೆಲಸದಿಂದ ತೆಗೆಯದೆ ಗಂಟೆ ಕಡಿಮೆ ಮಾಡುವ ಪದ್ಧತಿ. ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸಿ. ಕೈಗೆ ಬರುವ ಸಂಬಳ 2,000 ಯೂರೋ ಇರಲಿ. ಆರ್ಡರ್ ಇಲ್ಲದೆ ದುಡಿಮೆ ಅರ್ಧಕ್ಕೆ ಇಳಿದರೆ ಕಂಪನಿ ಕೊಡುವುದು ಸುಮಾರು 1,000. ಕಳೆದುಕೊಂಡ 1,000ದಲ್ಲಿ ಶೇ 60ನ್ನು, ಮಕ್ಕಳಿದ್ದರೆ ಶೇ 67ನ್ನು, ಉದ್ಯೋಗ ವಿಮಾ ನಿಧಿ ತುಂಬಿಕೊಡುತ್ತದೆ. ಮನೆಗೆ 1,600 ಬರುತ್ತದೆ. ಕಂಪನಿಗೆ ಕೆಲಸ ಕಲಿತ ಆಳು ಕೈತಪ್ಪುವುದಿಲ್ಲ, ಆರ್ಡರ್ ಬಂದ ದಿನವೇ ಯಂತ್ರ ತಿರುಗುತ್ತದೆ. 2009ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಈ ವ್ಯವಸ್ಥೆಯಲ್ಲಿದ್ದರು.

ಸ್ಪೇನಿನ ಗಂಟು ಇದ್ದದ್ದು ಕರಾರಿನಲ್ಲಿ. ನೌಕರರಲ್ಲಿ ಸುಮಾರು ಮೂರನೇ ಒಂದು ಭಾಗ ತಾತ್ಕಾಲಿಕ. ಕಾಯಂ ನೌಕರನನ್ನು ನ್ಯಾಯಬದ್ಧ ಕಾರಣವಿಲ್ಲದೆ ತೆಗೆದರೆ ದುಡಿದ ಪ್ರತಿ ವರ್ಷಕ್ಕೆ 45 ದಿನದ ಸಂಬಳದಂತೆ ಪರಿಹಾರ ಕೊಡಬೇಕಿತ್ತು. ತಾತ್ಕಾಲಿಕದವನ ಅವಧಿ ಮುಗಿದರೆ 8 ದಿನದ್ದು ಕೊಟ್ಟರೆ ಆಯಿತು. ಕಷ್ಟ ಬಂದಾಗ ಮಾಲೀಕ ಗಂಟೆ ಕಡಿಮೆ ಮಾಡುವ ಗೋಜಿಗೇ ಹೋಗಲಿಲ್ಲ, ತಾತ್ಕಾಲಿಕದವರ ಕರಾರು ನವೀಕರಿಸಲಿಲ್ಲ, ಅಷ್ಟೆ. ಬೀದಿಗೆ ಬಿದ್ದವರಲ್ಲಿ ಹೆಚ್ಚಿನವರು ಎಳೆಯರು.

ಸಮೀಕ್ಷೆ, ಅಂಕಿ-ಅಂಶದ ಕೆಲಸ, ಮಣಿಪಾಲ

'ಸ್ಪೇನಿನಲ್ಲಿ ಯುವಕರಲ್ಲಿ ಶೇ 55 ಮಂದಿಗೆ ಕೆಲಸವಿಲ್ಲ' ಅಂತ ಬರೆಯಬೇಡಿ ಮಾರಾಯ್ರೆ. ಪ್ರತಿ ವರ್ಷ ಯಾರಾದರೂ ಬರೆದೇ ಬರೆಯುತ್ತಾರೆ. 100 ಯುವಜನರಲ್ಲಿ 60 ಮಂದಿ ಓದುತ್ತಿದ್ದಾರೆ, ಕೆಲಸ ಹುಡುಕುತ್ತಿಲ್ಲ ಅಂತ ಇಟ್ಟುಕೊಳ್ಳಿ. ಉಳಿದ 40 ಮಾತ್ರ ದುಡಿಯುವ ಬಲ, ಅಂದರೆ ಕೆಲಸದಲ್ಲಿರುವವರು ಮತ್ತು ಹುಡುಕುವವರು. ದರದ ಲೆಕ್ಕ ಇವರ ಮೇಲೆ ಮಾತ್ರ. ಅವರಲ್ಲಿ 22 ಮಂದಿಗೆ ಕೆಲಸ ಸಿಗದಿದ್ದರೆ ದರ ಶೇ 55, ಆದರೆ ಕೆಲಸ ಹುಡುಕಿ ಸೋತವರು ನೂರಕ್ಕೆ 22 ಮಾತ್ರ. ಅದೂ ಘೋರವೇ, ಆದರೆ ಬೇರೆ ಸಂಗತಿ.

ದರ ಇಳಿದರೆ ಕೆಲಸ ಸಿಕ್ಕಿತು ಅಂತಲೂ ಅಲ್ಲ. ಕಳೆದ ನಾಲ್ಕು ವಾರದಲ್ಲಿ ಹುಡುಕಿರಬೇಕು, ಎರಡು ವಾರದೊಳಗೆ ಸೇರಲು ತಯಾರಿರಬೇಕು, ಆಗ ಮಾತ್ರ ನಿರುದ್ಯೋಗಿ. ದುಡಿಯುವ ಬಲದ 100ರಲ್ಲಿ 10 ಮಂದಿ ಹುಡುಕುತ್ತಿದ್ದಾರೆ, ದರ ಶೇ 10. ಮೂವರು ಸೋತು ಕೈಬಿಟ್ಟರು: 97ರಲ್ಲಿ 7, ಅಂದರೆ ಶೇ 7.2. ಒಬ್ಬರಿಗೂ ಕೆಲಸ ಸಿಕ್ಕಿಲ್ಲ, ದರ ಮಾತ್ರ ಇಳಿಯಿತು! ಹಾಗಾಗಿ ಚಾರ್ಟ್‌ನಲ್ಲಿ ದರದ ಪಕ್ಕದಲ್ಲಿ ಒಟ್ಟು ಜನರಲ್ಲಿ ಉದ್ಯೋಗಸ್ಥರ ಪ್ರಮಾಣದ ಗೆರೆಯನ್ನೂ ಹಾಕಿ.

ಭಾರತದ ದರ ಸ್ಪೇನಿಗಿಂತ ಕಡಿಮೆ ಅಂತ ಹೋಲಿಸಲೂ ಹೋಗಬೇಡಿ. ನಿರುದ್ಯೋಗ ಭತ್ಯೆ ಇಲ್ಲದ ಕಡೆ ಜನ ಸುಮ್ಮನೆ ಕೂತು ಹುಡುಕುವಂತಿಲ್ಲ. ಮನೆ ಜಗಲಿಯಲ್ಲಿ ಬೀಡಿ ಕಟ್ಟುವ ಹೆಂಗಸೂ ಲೆಕ್ಕದಲ್ಲಿ ಉದ್ಯೋಗಸ್ಥಳೇ.

ಎಂಎ ವಿದ್ಯಾರ್ಥಿನಿ, ಉಡುಪಿ

ತುಂಬಾ ಉಪಕಾರ ಆಯ್ತು ಸರ್. ಒಂದು ಸಂಶಯ: ಜರ್ಮನಿಯ ಪದ್ಧತಿ ಅಷ್ಟು ಒಳ್ಳೆಯದಾದರೆ ಸ್ಪೇನ್ ಅದನ್ನೇ ಮಾಡಬಹುದಿತ್ತಲ್ಲ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ನಮ್ಮೂರಿನ ಎರಡು ಉದಾಹರಣೆ ಕೊಟ್ಟರೆ ಕ್ಲಾಸಿಗೆ ಕೂಡಲೇ ತಿಳಿಯುತ್ತದೆ. ಜೂನ್ 1ರಿಂದ ಜುಲೈ 31ರ ತನಕ ಮಲ್ಪೆಯಲ್ಲಿ ಯಾಂತ್ರಿಕ ಬೋಟ್‌ಗಳು ದಕ್ಕೆಯಲ್ಲೇ ಇರುತ್ತವೆ. ಆಗಸ್ಟ್‌ನಲ್ಲಿ ಕಡಲಿಗಿಳಿಯುವುದು ಎಲ್ಲರಿಗೂ ಗೊತ್ತು, ಆ ಎರಡು ತಿಂಗಳು ದಾಟಿಸಿದರೆ ಸಾಕು. ಇನ್ನೊಂದು, ನಮ್ಮ ಹಂಚಿನ ಕಾರ್ಖಾನೆ. ಆರ್‌ಸಿಸಿ ತಾರಸಿ ಬಂದ ಮೇಲೆ ಹೋದ ಆರ್ಡರ್ ಮತ್ತೆ ಅಷ್ಟೇ ಬರಲಿಕ್ಕಿಲ್ಲ. ಗಂಟೆ ಕಡಿಮೆ ಮಾಡಿ ಸಂಬಳ ತುಂಬಿಕೊಟ್ಟರೆ ಮುಚ್ಚುವುದು ಸ್ವಲ್ಪ ಮುಂದಕ್ಕೆ ಹೋದೀತು, ಅಷ್ಟೇ.

ಜರ್ಮನಿಯ ಕಾರು, ಯಂತ್ರಗಳಿಗೆ ಗಿರಾಕಿ ಮರಳಿ ಬರುವವರಿದ್ದರು. ಸ್ಪೇನಿನ ಕಟ್ಟಡ ಕೆಲಸದಲ್ಲಿ 2007ರ ಹೊತ್ತಿಗೆ ಸುಮಾರು 27 ಲಕ್ಷ ಜನರಿದ್ದರು, 2013ಕ್ಕೆ ಉಳಿದದ್ದು 10 ಲಕ್ಷದ ಆಸುಪಾಸು. ಆ ಮನೆಗಳನ್ನು ಕೊಳ್ಳುವವರೇ ಇರಲಿಲ್ಲ. ಗಾರೆ ಕೆಲಸದವನಿಗೆ ಬೇಕಾದದ್ದು ಬೇರೆ ಕಸುಬು. ಡೆನ್ಮಾರ್ಕ್ ಹಿಡಿದದ್ದು ಆ ದಾರಿ: ತೆಗೆಯುವುದು ಸುಲಭ, ಎರಡು ವರ್ಷದ ತನಕ ಭತ್ಯೆ, ಜೊತೆಗೆ ಕಡ್ಡಾಯ ತರಬೇತಿ. ಖರ್ಚು ಮಾತ್ರ ಬಹಳ.

ಬಡ್ಡಿಯನ್ನೂ ಬಿಡಬೇಡಿ. ಅಮೆರಿಕ 2008ರ ಡಿಸೆಂಬರಿನಲ್ಲೇ ಬಡ್ಡಿದರವನ್ನು ಶೇ 0–0.25ಕ್ಕೆ ಇಳಿಸಿತು, 2009ರ ಫೆಬ್ರವರಿಯಲ್ಲಿ 787 ಶತಕೋಟಿ ಡಾಲರ್‌ನ ಪ್ಯಾಕೇಜ್ ತಂದಿತು. ಅಲ್ಲಿ ದರ 2009ರ ಅಕ್ಟೋಬರಿನಲ್ಲಿ ಶೇ 10ಕ್ಕೆ ಮುಟ್ಟಿ ನಿಧಾನಕ್ಕೆ ಇಳಿಯಿತು. ಸ್ಪೇನ್ ಯೂರೋದೊಳಗೆ ಸಿಕ್ಕಿಬಿದ್ದಿತ್ತು. ತನ್ನ ನಾಣ್ಯವನ್ನು ಅಪಮೌಲ್ಯ ಮಾಡುವಂತಿಲ್ಲ, ಬಡ್ಡಿ ಇಳಿಸುವಂತಿಲ್ಲ. ನಿರುದ್ಯೋಗ ಶೇ 20 ದಾಟಿದ್ದ 2011ರಲ್ಲಿ ಯುರೋಪಿಯನ್ ಕೇಂದ್ರ ಬ್ಯಾಂಕ್ ಏಪ್ರಿಲ್, ಜುಲೈ ಎರಡು ಸಲ ಬಡ್ಡಿ ಏರಿಸಿತು. ನನ್ನ ದೃಷ್ಟಿಯಲ್ಲಿ ಅದು ಕ್ಷಮಿಸಲಾಗದ ತಪ್ಪು. ಆ ಒಂದೆರಡು ವರ್ಷ ಕೆಲಸವಿಲ್ಲದೆ ಕೂತವನ ಕೈಕಸುಬು ತುಕ್ಕು ಹಿಡಿಯುತ್ತದೆ, ಮಾಲೀಕರು ಅವನ ಅರ್ಜಿಯನ್ನು ಬದಿಗಿಡುತ್ತಾರೆ. ಆಮೇಲೆ ಬೇಡಿಕೆ ಬಂದರೂ ಅವನು ಹೊರಗೇ.

ಅರ್ಥಶಾಸ್ತ್ರ ಉಪನ್ಯಾಸಕರು, ಕೊಡಿಯಾಲ್‌ಬೈಲ್

ಮೇಲಿನವರ ಮಾತು ಸರಿ. ಒಂದು ಸೇರಿಸುತ್ತೇನೆ: ಸ್ಪೇನ್ ಕೊನೆಗೆ ಕರಾರಿನ ಗಂಟಿಗೇ ಕೈ ಹಾಕಿತು. 2012ರಲ್ಲಿ 45 ದಿನವನ್ನು 33ಕ್ಕೆ ಇಳಿಸಿತು. 2021ರ ಕೊನೆಯ ಸುಧಾರಣೆಯಲ್ಲಿ ತಾತ್ಕಾಲಿಕ ಕರಾರಿನ ಕಾರಣಗಳನ್ನೇ ಬಿಗಿ ಮಾಡಿತು. ಈಗ ತಾತ್ಕಾಲಿಕದವರು ಐದರಲ್ಲಿ ಒಂದಕ್ಕಿಂತ ಕಡಿಮೆ. 2020ರ ಕೊರೋನಾದಲ್ಲಿ ಜರ್ಮನಿಯಂಥದ್ದೇ ವ್ಯವಸ್ಥೆಯನ್ನು ದೊಡ್ಡ ಮಟ್ಟದಲ್ಲಿ ಬಳಸಿತು ಕೂಡ. ಆಗ ಮುಚ್ಚಿದ್ದು ಹೋಟೆಲು, ಅಂಗಡಿ, ಗಿರಾಕಿ ಮರಳಿ ಬರುವವರಿದ್ದರು.

ಸಮೀಕ್ಷೆ, ಅಂಕಿ-ಅಂಶದ ಕೆಲಸ, ಮಣಿಪಾಲ

ಚಾರ್ಟ್ ಮಾಡುವಾಗ ಜರ್ಮನಿಗೆ ಎರಡು ದರ ಕಾಣುತ್ತದೆ, ಗಾಬರಿ ಬೇಡ. ಅಲ್ಲಿನ ಉದ್ಯೋಗ ಕಚೇರಿಯ ನೋಂದಣಿ ಲೆಕ್ಕದಲ್ಲಿ ವಾರಕ್ಕೆ 15 ಗಂಟೆಗಿಂತ ಕಡಿಮೆ ದುಡಿಯುವವರೂ ನಿರುದ್ಯೋಗಿಗಳಾಗಿ ಸೇರಬಹುದು, ಸಮೀಕ್ಷೆಯಲ್ಲಿ ಒಂದು ಗಂಟೆ ದುಡಿದರೂ ಉದ್ಯೋಗಸ್ಥರು. ಎರಡು ದೇಶಕ್ಕೂ ಯುರೋಸ್ಟ್ಯಾಟ್‌ನ (ಯುರೋಪಿಯನ್ ಒಕ್ಕೂಟದ ಅಂಕಿ-ಅಂಶ ಕಚೇರಿ) ಸಮೀಕ್ಷೆ ದರವನ್ನೇ ತೆಗೆದುಕೊಂಡು 2007ರಿಂದ 2014ರ ತನಕ ಗೆರೆ ಎಳೆಯಿರಿ.